ಎಲುಬಿನೊಳಗೆ ಹೊಸ ಒಕ್ಕಲು

ಈ ಓಣಿಯಲ್ಲಿ ಬೋಳುತಲೆಯವರೇ ಹೆಚ್ಚು. ಗಂಡಸರು, ಹೆಂಗಸರು, ಹಲ್ಲು ಬಾರದ ಕೂಸುಗಳು. ಎಲ್ಲರ ಮೂಗು-ಬಾಯಿಗೂ ಮಾಸ್ಕು. ಚೆನ್ನೈಗೆ ಬಂದ ಮೊದಲ ಬೆಳಿಗ್ಗೆ ಚಹಾ ಹುಡುಕಿಕೊಂಡು ಹೊರಬಿದ್ದವನು ಇದನ್ನು ನೋಡಿ ಹಾಗೇ ನಿಂತುಬಿಟ್ಟೆ. ನಮ್ಮ ದೊಡವಾಡದಲ್ಲಿ ಒಬ್ಬ ತಲೆ ಬೋಳಿಸಿಕೊಂಡು ಬಂದರೆ ಸಾಕು, "ತಿರುಪತಿಗೆ ಹೋಗಿದ್ದೇನಲೇ? ಲಾಡು ಎಲ್ಲಿ?" ಎಂದು ಹತ್ತು ಜನ ಅಡ್ಡ ಹಾಕುತ್ತಾರೆ. ಇಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ದೊಡ್ಡ ಆಸ್ಪತ್ರೆಯ ಹಿಂದಿನ ಓಣಿ ಇದು. ರೋಗಿಗಳಿಗೆಂದೇ ಖೋಲಿಗಳನ್ನು ಬಾಡಿಗೆಗೆ ಕೊಡುತ್ತಾರೆ. ನನ್ನ ತಲೆಯೂ ಹೀಗೇ ಆಗುವುದಿದೆ ಎಂದು ಹೊಳೆದಾಗ ಚಹಾ ಕುಡಿಯದೇ ವಾಪಸು ಬಂದೆ.

ನಾನು ಈರಣ್ಣ, ಧಾರವಾಡ-ಬೈಲಹೊಂಗಲ ಬಸ್ಸಿನ ಕಂಡಕ್ಟರ್. "ಮುಂದ ಸರೀರಿ, ಮುಂದ ಏನ್ ಹುಲಿ ಐತೇನ್ರಿ?" ಎಂದು ಕೂಗುತ್ತ ದಿನವಿಡೀ ಜನರ ನಡುವೆ ತೂರಿಕೊಂಡು ಬದುಕಿದವನು. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಒಂದು ಬೇಸಿಗೆಯಲ್ಲಿ ಹಲ್ಲು ತಿಕ್ಕಿದರೆ ರಕ್ತ, ಸೀಟಿನ ಮೂಲೆ ತಗುಲಿದರೆ ಮೈಮೇಲೆ ನೀಲಿ ಕಲೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಬೈಲಹೊಂಗಲದ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು, ಹುಬ್ಬಳ್ಳಿಯವರು ಇಲ್ಲಿಗೆ. ಎಲುಬಿನೊಳಗಿನ ಮೆತ್ತನೆಯ ಮಜ್ಜೆಯೇ ರಕ್ತ ತಯಾರಿಸುವ ಜಾಗವಂತೆ. ನನ್ನದು ಬರಿದಾಗಿತ್ತು. ಬೇರೆಯವರ ಮಜ್ಜೆ ತಂದು ಹಾಕಬೇಕು, ಇಲ್ಲದಿದ್ದರೆ ಕಷ್ಟ ಎಂದರು. ಡಾಕ್ಟರರ ಬಾಯಲ್ಲಿ 'ಕಷ್ಟ' ಎಂದರೆ ಏನು ಅರ್ಥ ಎಂದು ನನ್ನ ಹೆಂಡತಿ ಸುವರ್ಣಾಳಿಗೆ ಬಿಡಿಸಿ ಹೇಳುವ ಧೈರ್ಯ ನನಗಾಗಲಿಲ್ಲ.

ಆದರೆ ಊರಿನವರಿಗೆ ಧೈರ್ಯಕ್ಕೇನು ಕೊರತೆ! ರಕ್ತದ ರೋಗ ಅಂದಮೇಲೆ ರಕ್ತದ ಗುಂಪು ಹೊಂದಿದರಾಯಿತು ಎಂದು ಅವರೇ ತೀರ್ಮಾನಿಸಿದರು. ನನ್ನದು ಓ ಪಾಸಿಟಿವ್. ನಮ್ಮ ಅಣ್ಣ ಬಸವರಾಜ ಊರಿನ ಓ ಪಾಸಿಟಿವ್‌ಗಳನ್ನೆಲ್ಲ ಹುಡುಕಿ, ಕ್ರೂಸರ್ ಗಾಡಿ ತುಂಬಿಸಿಕೊಂಡು, ಕಟಕ ರೊಟ್ಟಿಯ ಗಂಟು ಹೊತ್ತು ಚೆನ್ನೈಗೆ ಬಂದುಬಿಟ್ಟ. ನಮ್ಮ ತಂಗಿ ನೀಲವ್ವ ತಾನೂ ಬರುತ್ತೇನೆಂದು ಗಂಡನ ಊರು ಚಚಡಿಯಿಂದ ಫೋನು ಮಾಡಿದ್ದಳಂತೆ. "ನಿಂದು ಬಿ ಐತಿ, ನೀ ಬಂದು ಏನ್ ಮಾಡ್ತಿ? ಸುಮ್ನ ಗಾಡ್ಯಾಗ ಜಾಗಾ ದಂಡ," ಎಂದು ಇವನೇ ಬಿಟ್ಟು ಬಂದಿದ್ದ.

ಬೆಂಗಳೂರಿನಲ್ಲಿ ಓದಿದ್ದ ಡಾಕ್ಟರಮ್ಮನಿಗೆ ಕನ್ನಡ ಬರುತ್ತಿತ್ತು. ಕಾರಿಡಾರಿನಲ್ಲಿ ಸಾಲಾಗಿ ಅಂಗಿಯ ತೋಳು ಮಡಚಿ ನಿಂತ ರುಮಾಲಿನವರನ್ನು ನೋಡಿ ಆಕೆಗೆ ನಗು ತಡೆಯಲಾಗಲಿಲ್ಲ. "ರಕ್ತದ ಗುಂಪು ಬೇರೆ ಆದ್ರೂ ನಡೆಯುತ್ತೆ. ನಾವು ನೋಡೋದು ಜೀವಕೋಶದ ಮೇಲಿನ ಗುರುತುಗಳನ್ನ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದಿರುತ್ತೆ. ಒಡಹುಟ್ಟಿದವರದ್ದು ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು," ಎಂದರು. ಒಡಹುಟ್ಟಿದವರದು ಹೊಂದದಿದ್ದರೆ, ಮಜ್ಜೆ ಕೊಡುತ್ತೇವೆಂದು ಹೆಸರು ನೋಂದಾಯಿಸಿದ ಅಪರಿಚಿತರಲ್ಲಿ ಹುಡುಕಬೇಕು; ನಮ್ಮ ಕಡೆಯವರು ಹಾಗೆ ಹೆಸರು ಕೊಟ್ಟಿರುವುದು ಕಡಿಮೆ ಎಂದೂ ಸೇರಿಸಿದರು. ಅಣ್ಣನದು ಹೊಂದಲಿಲ್ಲ. ಧಾರವಾಡದಿಂದ ಮಾದರಿ ಕಳಿಸಿದ ನೀಲವ್ವನದು ಪೂರ್ತಿ ಹೊಂದಿತು. ಗಾಡಿಯಲ್ಲಿ ಜಾಗ ಸಿಗದವಳದು!

ಖುಷಿಪಡುವ ಬದಲು, ಇದನ್ನು ಅವಳ ಅತ್ತೆಮನೆಯಲ್ಲಿ ಕೇಳುವುದು ಹೇಗೆ ಎಂದು ಲೆಕ್ಕ ಹಾಕತೊಡಗಿದೆ. ನಮ್ಮಲ್ಲಿ ಪಂಚಮಿಗೆ ತಂಗಿಗೆ ಉಂಡಿ ಒಯ್ಯಬೇಕು, ಸೀರೆ ಒಯ್ಯಬೇಕು, ಉಡಿ ತುಂಬಬೇಕು. ಕೊಟ್ಟ ಮನೆಯಿಂದ ತವರಿನವರು ಬೇಡಿ ತರುವ ಪದ್ಧತಿ ಇಲ್ಲ. ಅಪ್ಪ-ಅವ್ವ ಇದ್ದಿದ್ದರೆ ಅವರೇ ಮಾತಾಡುತ್ತಿದ್ದರು, ಇಬ್ಬರೂ ತೀರಿಕೊಂಡಿದ್ದಾರೆ. ನೀಲವ್ವನ ಅತ್ತೆ ಗೌರವ್ವನಿಗೆ ನಾನೇ ಫೋನು ಹಚ್ಚಿದೆ.

"ಬೆನ್ನೆಲಬು ಕೊರದು ತಗೀತಾರಂತ, ಖರೇ ಏನ್ರಿ ಬೀಗರ? ನಾಳೆ ನಮ್ಮ ಸೊಸಿ ಡೊಂಕಾಗಿ ಕುಂತ್ರ ಏನ್ ಮಾಡೂನು?" ಎಂದಳು ಮುದುಕಿ. ತಪ್ಪೇನೂ ಕೇಳಿರಲಿಲ್ಲ. ಡಾಕ್ಟರಮ್ಮನನ್ನು ಕೇಳಿ ಹೇಳುತ್ತೇನೆ ಎಂದೆ.

ಒಂದು ಬೆಳಿಗ್ಗೆ ನೀಲವ್ವ ಬಂದಿಳಿದಳು. ಬೆನ್ನ ಹಿಂದೆಯೇ ಕಾವಲಿಗೆ ಗೌರವ್ವ! ಡಾಕ್ಟರಮ್ಮ ಮುದುಕಿಯನ್ನು ಎದ್ದು ನಿಲ್ಲಿಸಿ, ಆಕೆಯ ಸೊಂಟದ ಹಿಂಭಾಗವನ್ನೇ ಮುಟ್ಟಿ ತೋರಿಸಿದರು: "ಇಲ್ಲಿಂದಮ್ಮ, ಸೊಂಟದ ಮೂಳೆಯಿಂದ. ಮಂಪರು ಕೊಟ್ಟು ಸೂಜಿಯಲ್ಲಿ ತೆಗೀತೀವಿ. ಬೆನ್ನುಮೂಳೆ ಮುಟ್ಟಲ್ಲ. ಕೆಲವು ದಿನ ನೋವಿರುತ್ತೆ. ತೆಗೆದಷ್ಟು ಮಜ್ಜೆ ಕೆಲವೇ ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತೆ."

"ಎಮ್ಮಿ ಹಾಲ ಹಿಂಡಿಧಂಗ ಅನ್ರಿ," ಎಂದಳು ಗೌರವ್ವ, ಅರ್ಧ ನಂಬಿ.

ಆಮೇಲೆ ನೀಲವ್ವನನ್ನು ಒಬ್ಬಳನ್ನೇ ಒಳಗೆ ಕರೆದರು. ಹೊರಗೆ ಬಂದವಳು ನನ್ನ ಪಕ್ಕ ಕೂತು ಕಿಸಕ್ಕನೆ ನಕ್ಕಳು. "ಅಣ್ಣಾ, ಡಾಕ್ಟರಮ್ಮ ಏನಂದ್ರು ಗೊತ್ತೇನು? ನಿನಗ ಮನಸ್ಸಿಲ್ಲಂದ್ರ ಹೇಳು, 'ಈಕಿ ತಬ್ಯೇತ್ ಇದಕ್ಕ ಹೊಂದಾಂಗಿಲ್ಲ' ಅಂತ ನಾವ ಎಲ್ಲಾರಿಗೂ ಹೇಳ್ತೇವಿ, ಯಾರ ಮುಂದೂ ನಿನ್ನ ಹೆಸರ ಕೆಡಾಂಗಿಲ್ಲ ಅಂದ್ರು."

"ನೀ ಏನಂದಿ?"

"ಮದಿವಿ ಮಾಡೂಮುಂದ ಯಾರೂ ಹಿಂಗ ಕೇಳಿದ್ದಿಲ್ರಿ ಅಂದ್ಯಾ. ನೀ ಸುಮ್ನ ಗಟ್ಟಿ ಆಗು."

ಔಷಧಿ ಕೊಟ್ಟು ನನ್ನ ಮೈಯ ರೋಗನಿರೋಧಕ ಶಕ್ತಿಯನ್ನೂ, ಮಜ್ಜೆಯಲ್ಲಿ ಉಳಿದದ್ದನ್ನೂ ಅಳಿಸಿಹಾಕಿದರು. ಹಳೆಯದು ಹೋಗದೆ ಹೊಸದಕ್ಕೆ ನೆಲೆ ಇಲ್ಲ. ಅದು ಶುರುವಾದ ಮೇಲೆ ದಾನಿ ಹಿಂದೆ ಸರಿದರೆ ನಾನು ಉಳಿಯುತ್ತಿರಲಿಲ್ಲ. ನೀಲವ್ವನಿಗೆ ಸಣ್ಣಗೆ ಕೆಮ್ಮು ಬಂದರೂ ಜೀವ ಹಾರಿದಂತಾಗುತ್ತಿತ್ತು. ಕಸಿಯ ದಿನ ಗೌರವ್ವ ಎಲ್ಲಮ್ಮನ ಭಂಡಾರ ತಂದಳು. ಅರಿಶಿನದ ಪುಡಿ ಒಳಗೆ ಒಯ್ಯುವಂತಿಲ್ಲ, ಸೋಂಕಾಗುತ್ತದೆ ಎಂದು ನರ್ಸು ತಡೆದಳು. "ಹಂಗಾರ ಕೈ ಹಚ್ಚಾವ್ರಿಗರ ಹಚ್ಚತೇನಿ," ಎಂದು ಮುದುಕಿ ಡಾಕ್ಟರಮ್ಮನ ಹಣೆಗೇ ಬಳಿದಳು. ಆಕೆ ತಲೆ ಬಾಗಿಸಿ ಹಚ್ಚಿಸಿಕೊಂಡು, ಮುಖ ತೊಳೆದು ಕೆಲಸಕ್ಕೆ ಹೋದರಂತೆ.

ನಾನು ದೊಡ್ಡ ಆಪರೇಷನ್ ಎಂದುಕೊಂಡಿದ್ದೆ. ನೋಡಿದರೆ ಸಲಾಯಿನ್‌ನಂತೆ ಒಂದು ಕೆಂಪು ಚೀಲ ತೂಗುಹಾಕಿದರು, ಅಷ್ಟೇ. ರಕ್ತನಾಳದಲ್ಲಿ ಹೊಕ್ಕ ಕೋಶಗಳು ತಾವೇ ದಾರಿ ಹುಡುಕಿಕೊಂಡು ಎಲುಬಿನೊಳಗೆ ಸೇರುತ್ತವಂತೆ. ನನಗೆ ಚೆನ್ನೈನಲ್ಲಿ ಕಿರಾಣಿ ಅಂಗಡಿಯ ದಾರಿ ಇನ್ನೂ ಗೊತ್ತಿರಲಿಲ್ಲ.

ಮುಂದಿನ ದಿನಗಳು ನರಕ. ಗಾಜಿನ ಕೋಣೆ, ನಾನೊಬ್ಬನೇ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗಿದೆ. ಬಾಯಿ ಹುಣ್ಣಾಗಿ ಮಾತೂ ನಿಂತಿತು. ನಮ್ಮಲ್ಲಿ ಒಬ್ಬ ಮಲಗಿದರೆ ಊರೆಲ್ಲ 'ಮಾತಾಡಿಸಲು' ಬರುತ್ತದೆ, ಬಾರದವರ ಹೆಸರು ನೆನಪಿಟ್ಟುಕೊಳ್ಳುತ್ತೇವೆ. ಇಲ್ಲಿ ಬಂದವರನ್ನೇ ಓಡಿಸುತ್ತಾರೆ. ರೈಲು ಹತ್ತಿ ಬಂದ ಸೋದರಮಾವನಿಗೆ ಗಾಜಿನಾಚೆಯಿಂದ ಕೈಮುಗಿದೆ. "ಒಳಗ ಕರೀಲಿಲ್ಲ" ಎಂದು ಮುನಿಸಿಕೊಂಡು ಹೋದ, ಈಗಲೂ ಮಾತಿಲ್ಲ. ಮೊಸರಿಲ್ಲ, ಹಸಿ ಉಳ್ಳಾಗಡ್ಡಿ ಇಲ್ಲ, ಶೇಂಗಾ ಚಟ್ನಿ ಇಲ್ಲ. ಬೇಯಿಸಿದ್ದನ್ನೇ ಬೇಯಿಸಿ ಕೊಡುತ್ತಾರೆ. ಸಾಕಪ್ಪಾ ಸಾಕು ಎಂದು ಅತ್ತೂ ಇದ್ದೇನೆ. ತಮಿಳಿನಲ್ಲಿ ನಾನು ಕಲಿತ ಮೊದಲ ಪದ 'ಕೊಂಜಂ', ಅಂದರೆ ಸ್ವಲ್ಪ. "ಕೌಂಟ್ ಕೊಂಜಂ ಏರಿಯಿರುಕ್ಕು," ಎಂದು ನರ್ಸು ಒಂದು ಬೆಳಿಗ್ಗೆ ನಕ್ಕಳು; ರಕ್ತಕಣಗಳ ಲೆಕ್ಕ ಸ್ವಲ್ಪ ಏರಿತ್ತು. ಎರಡನೆಯದು 'ಆಮಾ', ಹೌದು. ಏರಿದೆಯಾ ಎಂದು ಮತ್ತೆ ಮತ್ತೆ ಕೇಳಿ ಆ 'ಆಮಾ' ಕೇಳಿಸಿಕೊಂಡೆ. ಎಲುಬಿನೊಳಗೆ ಹೊಸ ಒಕ್ಕಲು ಬಂದಿತ್ತು.

ಖೋಲಿಗೆ ಕಳಿಸಿದರೂ ಊರಿಗೆ ಬಿಡಲಿಲ್ಲ. ಆಸ್ಪತ್ರೆಯ ಹತ್ತಿರವೇ ಇರಬೇಕು. ಇಲ್ಲೇ ಜೋಳದ ಹಿಟ್ಟು ಸಿಗುವ ಅಂಗಡಿಯನ್ನು ಸುವರ್ಣಾ ಪತ್ತೆ ಹಚ್ಚಿದಳು; ಮೊದಲ ರೊಟ್ಟಿಯ ದಿನ ನಮ್ಮಿಬ್ಬರಿಗೂ ಹಬ್ಬ. ಅಷ್ಟರಲ್ಲೇ ಅಂಗೈಯಿಂದ ಶುರುವಾಗಿ ಮೈತುಂಬ ಕೆಂಪು ದದ್ದು. ತಂಗಿಯ ಕೋಶಗಳು ನನ್ನ ಮೈಯನ್ನೇ ಪರಕೀಯ ಎಂದು ತಿಳಿದು ಕಾದಾಡುತ್ತಿವೆ ಎಂದರು ಡಾಕ್ಟರಮ್ಮ. ಹದ್ದುಮೀರಿದರೆ ಜೀವಕ್ಕೇ ಕುತ್ತು. ಹೆದರಿ, ಚಚಡಿಗೆ ಮರಳಿದ್ದ ನೀಲವ್ವನಿಗೆ ಫೋನಿನಲ್ಲಿ ಹೇಳಿದೆ.

"ನನ್ನ ರಕ್ತ ಅಲ್ಲೇನಣ್ಣಾ? ಜಗಳ ಆಡದ ಇರತೈತೇನು! ಚಚಡಿಗಿ ಬಂದ ಹೊಸದಾಗ ನಾನೂ ಹಿಂಗ ಮಾಡೇನಿ. ನೀರು ಸೇರಾಂಗಿಲ್ಲ, ಮಂದಿ ಸೇರಾಂಗಿಲ್ಲ. ಹಿತ್ತಲದಾಗ ಕುಂತು ಅಳಾಕಿ. ನೀವ್ಯಾರೂ ಕೇಳಿದ್ದಿಲ್ಲ ಬಿಡು. ಈಗ ದೊಡವಾಡಕ್ಕ ಬಂದ್ರ ನಿದ್ದಿ ಹತ್ತಂಗಿಲ್ಲ. ತಡಿ, ಹೊಂದ್ಕೋತೈತಿ."

ಗುಳಿಗೆ ಹೆಚ್ಚಿಸಿದರು. ನಿಧಾನಕ್ಕೆ ದದ್ದು ಇಳಿಯಿತು. ಕೊನೆಗೆ ತಂಗಿಯ ಮಜ್ಜೆ ಪೂರ್ತಿ ನೆಲೆಯಾಗಿದೆ ಎಂದರು. ನನ್ನ ರಕ್ತದ ಗುಂಪೂ ಈಗ ಬಿ. ಬಾಲ್ಯದ ಲಸಿಕೆಗಳನ್ನೆಲ್ಲ ಕೂಸಿನಂತೆ ಮತ್ತೆ ಹಾಕಿಸಿಕೊಳ್ಳಬೇಕು. ಮುಂದಿನ ತಿಂಗಳು ಒಮ್ಮೆ ಊರಿಗೆ ಹೋಗಿ ಬನ್ನಿ, ಆದರೆ ಗದ್ದಲ, ಧೂಳು, ದನದ ಕೊಟ್ಟಿಗೆ ಬೇಡ ಎಂದಿದ್ದಾರೆ. ಇದನ್ನೆಲ್ಲ ಬಿಟ್ಟರೆ ದೊಡವಾಡದಲ್ಲಿ ಉಳಿಯುವುದೇನು! ಗದ್ದಲವಿಲ್ಲದ ಬಸ್ಸಿನಲ್ಲಿ ಕಂಡಕ್ಟರನಿಗೇನು ಕೆಲಸ?

ನಿನ್ನೆ ಖೋಲಿಯ ಮುಂದಿನ ಮೆಟ್ಟಿಲ ಮೇಲೆ ಕೂತು ಊರಿಗೆ ಬರುತ್ತಿರುವ ಸುದ್ದಿಯನ್ನು ನೀಲವ್ವನಿಗೆ ಹೇಳುತ್ತಿದ್ದೆ. ಗೌರವ್ವ ಫೋನು ಕಸಿದುಕೊಂಡಳು.

"ಮೊದಲ ಚಚಡಿಗಿ ಬಾ. ನಮ್ಮ ಮನಿ ರಕ್ತ ಹರ್ಯಾಕತ್ತೈತಿ ನಿನ್ನ ಮೈಯಾಗ. ಧೂಳ ಇರಬಾರ್ದಂತ ಅಟ್ಟದ ಖೋಲಿ ಸಾರ್ಸಿ, ಬಾಗಲಕ್ಕ ಪಡದೆ ಕಟ್ಟೇನಿ. ಎಮ್ಮಿ ಆಚೀ ದಡ್ಡಿಗಿ ಹೊಡದೇನಿ. ದೊಡವಾಡದವ್ರು ಬೇಕಾದ್ರ ಇಲ್ಲಿಗಿ ಬಂದು ನಿನ್ನ ನೋಡ್ಲಿ."

"ಹೂಂ" ಎಂದು ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡೆ. ಮೆಟ್ಟಿಲು ಇಳಿಯುತ್ತಿದ್ದ ಮನೆಯೊಡತಿ ನನ್ನ ಮುಖ ನೋಡಿ ನಿಂತರು. "ಯಾರು? ಅಮ್ಮಾವಾ?" ನಿಮ್ಮ ತಾಯಿಯೇ ಎಂದು ಕೇಳಿದರು. ಅಲ್ಲ, ತಂಗಿಯ ಅತ್ತೆ ಎನ್ನಲು ಬಾಯಿ ತೆರೆದೆ.

"ಆಮಾ," ಎಂದೆ. "ಅಮ್ಮ."