ಜನರಲ್‌ನ ಖಡ್ಗಕ್ಕೆ ಹುಣಸೆಹಣ್ಣು

ಬಾಗಿಲು ತೆಗೆದ ಕೂಡಲೇ ಕೆಂಪಂಗಿಯ ಗಡ್ಡದವನೊಬ್ಬ ಗೋಡೆಯ ಪಟದಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಪಕ್ಕದಲ್ಲೊಂದು ಕಪ್ಪುಗಟ್ಟಿದ ಖಡ್ಗ. "ಇವೆರಡು ಇಲ್ಲೇ ಇರಬೇಕು. ಮಿಕ್ಕದ್ದೆಲ್ಲ ನಿಮ್ಮಿಷ್ಟ," ಎಂದರು ಮನೆ ಮಾಲೀಕರು. 2011ರಲ್ಲಿ ಗೈದರ್ಸ್‌ಬರ್ಗ್‌ನಲ್ಲಿ ನಾವು ಬಾಡಿಗೆಗೆ ಹಿಡಿದ ಬೇಸ್‌ಮೆಂಟ್, ಅಂದರೆ ನೆಲಮಾಳಿಗೆ ಮನೆಯ ಮೊದಲ ದರ್ಶನ ಇದು. ಬೈಲಹೊಂಗಲದ ಕಡೆಯವಳಾದ ನನಗೆ ನೆಲದಡಿ ಮನುಷ್ಯರು ಇರುತ್ತಾರೆಂಬುದೇ ಹೊಸದು. ನಮ್ಮಲ್ಲಿ ನೆಲದಡಿ ಇರುವುದು ಜೋಳ ತುಂಬಿದ ಹಗೇವು.

ಮಾಲೀಕರು ಇಟಲಿ ಮೂಲದವರು, ಮೇಲಿನ ಮಹಡಿಯಲ್ಲಿ ಒಬ್ಬರೇ. ನನ್ನ ಎಂಟು ವರ್ಷದ ಮಗಳು ಮೇಧಾಳಿಗೆ ತಮ್ಮನ್ನು 'ನೋನ್ನೊ' ಎನ್ನಲು ಕಲಿಸಿದರು. ಅವರ ಭಾಷೆಯಲ್ಲಿ ಅಜ್ಜ. ಎರಡೇ ವಾರದಲ್ಲಿ ಅಜ್ಜನಾಗುವವರನ್ನು ನಾನು ನಂಬುವವಳಲ್ಲ.

ಪಟದಲ್ಲಿದ್ದವನು ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಕ್ರಾಂತಿವೀರ. ನೋನ್ನೊ ಬಾಯಲ್ಲಿ ಬರೀ 'ಜನರಲ್'. ಅವನ ಹೆಸರಿನ ಪಿಯಾಝ್ಝಾ, ಎಂದರೆ ಊರ ನಡುವಿನ ಚೌಕ, ಇಲ್ಲದ ಊರೇ ಅಲ್ಲಿಲ್ಲವಂತೆ. ದಕ್ಷಿಣದ ತುದಿಯಲ್ಲಿರುವ ಅವರ ಅಪ್ಪನ ಮನೆಗೆ 'ಜನರಲ್ ಇಲ್ಲಿ ಒಂದು ರಾತ್ರಿ ಮಲಗಿದ್ದರು' ಎಂಬ ಅಮೃತಶಿಲೆಯ ಫಲಕವಿದೆಯಂತೆ. ಹೊರಡುವಾಗ ಈ ಖಡ್ಗ ಕೊಟ್ಟು ಹೋದನಂತೆ. ಅಕ್ಕಪಕ್ಕದ ಊರುಗಳಲ್ಲೂ ಅಂಥ ಫಲಕಗಳಿವೆ ಎಂದು ಅವರೇ ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಹೋದಲ್ಲೆಲ್ಲ ಮಲಗಿದರೆ ಯುದ್ಧ ಮಾಡಿದ್ದು ಯಾವಾಗ?

ನನ್ನ ಸಿಟ್ಟಿಗೆ ಬೇರೆಯೇ ಕಾರಣವಿತ್ತು. ಬ್ರಿಟಿಷರು ಗಲ್ಲಿಗೇರಿಸಿದ ವೀರನೊಬ್ಬ ನಮ್ಮ ಕಡೆಯಲ್ಲೂ ಇದ್ದಾನೆ, ಊರೂರಿನ ಸರ್ಕಲ್‌ನಲ್ಲಿ ಕತ್ತಿ ಹಿಡಿದು ನಿಂತಿದ್ದಾನೆ. ಅವನು ನಮ್ಮ ಮನೆಯ ಅಟ್ಟದಲ್ಲಿ ಮೂರು ದಿನ ಅವಿತಿದ್ದ ಕತೆಯನ್ನು ಹೇಳಿಯೇ ನಾನು ಮೇಧಾಳಿಗೆ ಉಣಿಸುತ್ತಿದ್ದೆ. ಅವಳು ಕನ್ನಡದಲ್ಲಿ ಕೇಳಿ ಹೇಳಿಸಿಕೊಳ್ಳುತ್ತಿದ್ದ ಕತೆ ಅದೊಂದೇ. ಈಗ ಶಾಲೆಯಲ್ಲಿ 'ನನ್ನ ಹೀರೊ' ಚಿತ್ರ ಬರೆಯಲು ಹೇಳಿದರೆ ಕೆಂಪಂಗಿ ಬರೆದು ತಂದಿದ್ದಳು. ನನಗೆ ಹೊಟ್ಟೆ ಉರಿಯಿತು. ಈ ಮುದುಕ ನನ್ನ ಮಗಳನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಳ್ಳುತ್ತಿದ್ದಾನೆ ಅನ್ನಿಸಿತು.

"ನಿನಗ ಎಲ್ಲಾದ್ರಾಗೂ ಸಂಶಯ. ಸುಮ್ಮ ಇರು," ಎಂದರು ನನ್ನ ಯಜಮಾನರು.

ಆಯುಧಪೂಜೆ ಬಂತು. ಕಾರು, ಲ್ಯಾಪ್‌ಟಾಪ್, ಮಿಕ್ಸರ್ ಎಲ್ಲಕ್ಕೂ ಕುಂಕುಮವಾದ ಮೇಲೆ ಖಡ್ಗ ಕಣ್ಣಿಗೆ ಬಿತ್ತು. ಮನೆಯಲ್ಲಿದ್ದ ಒಂದೇ ನಿಜವಾದ ಆಯುಧವನ್ನು ಬಿಡುವುದು ಹೇಗೆ? ಇಳಿಸಿ, ಅದರ ಹಿತ್ತಾಳೆ ಹಿಡಿಗೆ ಹುಣಸೆಹಣ್ಣು ಹಚ್ಚಿ, ದೇವರ ದೀಪ ತಿಕ್ಕುವಂತೆ ತಿಕ್ಕಿ ಕುಂಕುಮವಿಟ್ಟೆ. ಹಿಡಿ ಫಳಫಳ ಹೊಳೆಯಿತು. ಆಗ ಅಕ್ಷರಗಳು ಕಂಡವು. ಫಿಲಡೆಲ್ಫಿಯಾದ ನಾಟಕ ಸಾಮಾನಿನ ಕಂಪನಿಯೊಂದರ ಮುದ್ರೆ.

ಸಿಕ್ಕಿಬಿದ್ದನಲ್ಲ ಎಂದು ಖುಷಿಯಾಯಿತು. ನೋನ್ನೊ ನಮ್ಮ ಅಂಚೆ ಕೊಡಲು ಕೆಳಗಿಳಿದು ಬಂದಾಗ ಮೇಧಾಳ ಎದುರಿಗೇ ಮುದ್ರೆ ತೋರಿಸಿದೆ. "ಇದು ನಾಟಕದ ಕತ್ತಿ ಅಲ್ವಾ?"

ಅವರು ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು. "ಹೌದು. ನನಗೆ ಹನ್ನೆರಡು ವರ್ಷ ಇದ್ದಾಗಲೇ ಗೊತ್ತಾಯ್ತು. ಅಪ್ಪ ಊರಿಂದ ಬರಿಗೈಲಿ ಬಂದಿದ್ದರು. ಇಲ್ಲಿ ಹುಟ್ಟಿದ ನಮಗೆ ತೋರಿಸೋಕೆ ಏನಾದ್ರೂ ಬೇಕಿತ್ತಲ್ಲ. ತಮ್ಮಂದಿರಿಗೆ ಕಾಣದಿರಲಿ ಅಂತ ಆ ಮುದ್ರೆ ಮೇಲೆ ನಾನೇ ಮಸಿ ಹಚ್ಚಿದೆ."

ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಮೇಧಾ ನನ್ನ ಕಡೆ ತಿರುಗಿದಳು. "ಅಮ್ಮಾ, ನಮ್ಮ ಅಟ್ಟ? ಈಸ್ ದಟ್ ಫೇಕ್ ಟೂ?"

ನಮ್ಮ ಮನೆ ಕಟ್ಟಿಸಿದ್ದು ನನ್ನಜ್ಜ. ಆ ವೀರ ಸತ್ತು ಅಷ್ಟೊತ್ತಿಗೆ ಎಷ್ಟೋ ತಲೆಮಾರು ಕಳೆದಿದ್ದವು. ಚಿಕ್ಕಂದಿನಿಂದ ಕೇಳಿದ್ದ ಕತೆಯ ಬಗ್ಗೆ ಮಾತ್ರ ನಾನೆಂದೂ ಸಂಶಯಪಟ್ಟಿರಲಿಲ್ಲ.

"ಇಲ್ಲ ಪುಟ್ಟಿ, ಅದು ಖರೇನ ಅದ," ಎಂದೆ.

ನೋನ್ನೊ ನನ್ನ ಮುಖ ನೋಡಿದರು. ಇಷ್ಟು ದಿನ ನಾನು ಅವರನ್ನು ನೋಡುತ್ತಿದ್ದದ್ದು ಹಾಗೆಯೇ. ಖಡ್ಗವನ್ನು ಕುಂಕುಮದ ಸಮೇತ ಗೋಡೆಗೆ ತೂಗುಹಾಕಿದರು.

ಮರುವರ್ಷ ಊರಿಗೆ ಹೋದಾಗ ಮೇಧಾ ಅಟ್ಟ ನೋಡಲೇಬೇಕೆಂದು ಹಟ ಹಿಡಿದಳು. ಅವಳಿಗಿಂತ ಮೊದಲು ನಾನು ಏಣಿ ಹತ್ತಿದೆ. ತೊಲೆಯ ಮೇಲೆ ಅಜ್ಜ ಕೆತ್ತಿಸಿದ್ದ ಇಸವಿ ಸ್ಪಷ್ಟವಾಗಿತ್ತು. ಒಲೆಯ ಮಸಿ ತಂದು ಅದರ ಮೇಲೆ ದಪ್ಪಗೆ ಬಳಿದೆ. ಗೈದರ್ಸ್‌ಬರ್ಗ್‌ನಲ್ಲಿ ಕಲಿತದ್ದನ್ನು ಬೈಲಹೊಂಗಲದಲ್ಲಿ ಮಾಡಿದ್ದೆ. ಕೈ ತೊಳೆದುಕೊಂಡು, "ಬಾ, ನೋಡುವಂತಿ," ಎಂದು ಮಗಳನ್ನು ಕರೆದೆ.