ಗೌಡರ ಮೂಗು, ನನ್ನ ಮಾತ್ರೆ

ಗೆಳೆಯರೇ, ನನ್ನ ಎಚ್‌ಐವಿ ಮಾತ್ರೆಗಳ ವಿಷಯ ಈ ಗುಂಪಿನಲ್ಲಿರುವ ನಿಮಗೆಲ್ಲ ಗೊತ್ತು. ನಾನು ಪಾಠ ಮಾಡುವ ಹೊಳೆನರಸೀಪುರದ ಸ್ಕೂಲಿಗೆ ಗೊತ್ತಿಲ್ಲ. ಅಲ್ಲಿಯವರಿಗೆ ಗೊತ್ತಿರುವುದು ನನ್ನ ಸೀನು ಮಾತ್ರ.

ಸೀಮೆಸುಣ್ಣದ ಧೂಳಿಗೆ ನನ್ನಷ್ಟೇ ಸೀನುತ್ತಿದ್ದ ಗಣಿತದ ಮೇಷ್ಟ್ರು ರಂಗೇಗೌಡರು ಹದಿನೈದು ದಿನದಿಂದ ಮೂಗಿಗೆ ಅಲರ್ಜಿ ಸ್ಪ್ರೇ ಹೊಡೆದುಕೊಂಡು ಹಾಯಾಗಿದ್ದಾರೆ. ಆ ಮೂಗು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಆ ಸ್ಪ್ರೇ ಮುಟ್ಟುವಂತಿಲ್ಲ. ಸ್ಪ್ರೇಯಲ್ಲಿರುವ ಸ್ಟೀರಾಯ್ಡ್ ಮೈಯಿಂದ ಹೊರಹೋಗದಂತೆ ನನ್ನ ರಿಟೊನಾವಿರ್ ಮಾತ್ರೆ ತಡೆಯುತ್ತದಂತೆ. ಅದು ಒಳಗೇ ಸೇರುತ್ತಾ ಹೋದರೆ ಮುಖ ಊದುತ್ತದೆ, ಮೂಳೆ ಸವೆಯುತ್ತದೆ ಎಂದು ಹಾಸನದ ಡಾಕ್ಟರು ಎಚ್ಚರಿಸಿದ್ದಾರೆ.

ಇಂದು ಸ್ಟಾಫ್ ರೂಮಿನಲ್ಲಿ ಗೌಡರು ಎಲ್ಲರೆದುರು ಸ್ಪ್ರೇಯನ್ನು ನನ್ನ ಕೈಗಿಟ್ಟರು.

“ತಗಳಿ ಸಾ, ಎರಡೇ ಸಲ ಹೊಡ್ಕಳಿ. ಹುಡುಗ್ರು ಪಾಠ ಬಿಟ್ಟು ನಿಮ್ ಸೀನು ಎಣಿಸ್ತಾ ಕೂತವ್ರೆ.”

“ಬೇಡ ಗೌಡ್ರೇ, ನನಗೆ ಒಗ್ಗಲ್ಲ.”

“ಹೊಡ್ಕಳ್ದೇನೆ ಒಗ್ಗಲ್ಲ ಅಂದ್ರೆ ಎಂಗೆ?”

ನಾನು ಸ್ಪ್ರೇಯನ್ನು ಅವರ ಕೈಗೇ ವಾಪಸ್ ಕೊಟ್ಟೆ. ಅವರು ಎದ್ದು ಹೋಗಿ ಸ್ಪ್ರೇಯ ತುದಿಯನ್ನು ಬಿಸಿನೀರಿನಲ್ಲಿ ತೊಳೆದು ತಂದರು. ಮತ್ತೆ ಬೇಡವೆಂದೆ.

“ಬಿಡಿ ಗೌಡ್ರೇ, ದೇವಸ್ಥಾನದ ಮನೆಯವರು, ಮಡಿ ಜಾಸ್ತಿ” ಎಂದರು ಹಿಂದಿ ಮೇಡಂ.

ಗೌಡರ ಮುಖ ಸಪ್ಪಗಾಯಿತು. “ನನ್ಗೇನು ಅಂಟುರೋಗ ಐತಾ ಸಾ?”

ನಾನು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೊರಟೆ.

ಮಧ್ಯಾಹ್ನ ಗೌಡರು ಊಟದ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಒಂದಲ್ಲ ಒಂದು ದಿನ ಯಾರಾದರೂ ಹೀಗೆ ಎದ್ದುಹೋಗುತ್ತಾರೆಂದು ಆರು ವರ್ಷದಿಂದ ಕಾದಿದ್ದೆ. ಅವರಿಗೇ ರೋಗವಿದೆಯೆಂದು ನಾನು ಹೇಸಿದೆ ಅಂತ ತಿಳಿದು ಹೋಗುತ್ತಾರೆ ಅಂದುಕೊಂಡಿರಲಿಲ್ಲ.