ನೋಟ್‌ಪ್ಯಾಡ್ ಮುಸ್ಕಾನ್

ಕೊಟ್ಟೂರಿನ ಬೈಕ್ ಮೆಕ್ಯಾನಿಕ್ ಮಾಬುಸಾಬರು ಯಾರೋ ಎಸೆದಿದ್ದ ಕಂಪ್ಯೂಟರೊಂದನ್ನು ಗ್ಯಾರೇಜಿನ ಮೂಲೆಯಲ್ಲಿ ಬಿಚ್ಚಿ ಜೋಡಿಸಿ ಮಗಳು ಮುಸ್ಕಾನಳ ಮುಂದಿಟ್ಟಿದ್ದರು. ದೊಡ್ಡ ಸಾಫ್ಟ್‌ವೇರ್ ಯಾವುದನ್ನು ತೆರೆದರೂ ಅದು ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ನೋಟ್‌ಪ್ಯಾಡ್ ಒಂದು ತೆರೆಯುತ್ತಿತ್ತು: ಬಿಳಿ ಪರದೆ, ಕಪ್ಪು ಅಕ್ಷರ, ತಪ್ಪಾದರೆ ತೋರಿಸುವವರಿಲ್ಲ. ಹಾಗಾಗಿ ಅವಳು ಪ್ರೋಗ್ರಾಮನ್ನು ಮೊದಲು ರಫ್ ಬುಕ್ಕಿನಲ್ಲಿ ಬರೆದು, ಸಾಲುಸಾಲಿಗೂ ಬೆರಳಿಟ್ಟು ಓದಿ, ಆಮೇಲೆ ಟೈಪ್ ಮಾಡುತ್ತಿದ್ದಳು. ಊರಿನ ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದ ಮೇಲೂ ಅದೇ ರೂಢಿ. ಸಹೋದ್ಯೋಗಿಗಳು 'ನೋಟ್‌ಪ್ಯಾಡ್ ಮುಸ್ಕಾನ್' ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆರು ವರ್ಷ ಹಾಗೇ ಕಳೆಯಿತು. ಪ್ರತಿ ಜೂನ್ ಬಂದರೂ ಕಾಲೇಜಿನವರು ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಪುಕಪುಕ. ಕಂಕುಳಲ್ಲಿ ಎರಡು ವರ್ಷದ ಮಗಳು. ಹಡಗಲಿಯ ಕಾಲೇಜೊಂದರಲ್ಲಿ ಕಾಯಂ ಹುದ್ದೆ ಇದೆ ಎಂದು ಕೇಳಿದ ದಿನದಿಂದ ಅವಳಿಗೆ ನಿದ್ದೆಯಿಲ್ಲ.

ಆ ಹುದ್ದೆಯ ಪರೀಕ್ಷೆಯ ದಿನವೇ ಮಗುವಿಗೆ ಜ್ವರ. ಮುಸ್ಕಾನಳ ತಾಯಿ ಮುಮ್ತಾಜ್ ಬೇಗಂ ಅದನ್ನು ಹೊದಿಸಿಕೊಂಡು ಲ್ಯಾಬಿನ ಹೊರಗೆ ಕೂತರು. ಹತ್ತು ವಿದ್ಯಾರ್ಥಿಗಳ ಹೆಸರನ್ನು ಅಂಕಗಳ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಂ ಬರೆಯಬೇಕಿತ್ತು. ಒಳಗೆ ಮುಸ್ಕಾನಳ ಕೈ ತಾನಾಗಿ ನೋಟ್‌ಪ್ಯಾಡ್ ತೆರೆಯಿತು.

ಆ ಕಾಲೇಜಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಪಂಚಾಕ್ಷರಪ್ಪ ಹಿಂದೆ ಬಂದು ನಿಂತರು. "ಏನ್ ತಂಗೀ, ಇನ್ನೂ ಇದನ್ನ ಹಿಡ್ಕಂಡು ಕುಂತೀಯಲ್ಲ?"

"ಓಡ್ತೈತ್ರಿ ಸರ್. ಹತ್ತೂ ಹೆಸ್ರು ಬಂದಾವ, ನೋಡ್ರಿ."

"ಎತ್ತಿನಗಾಡಿನೂ ಓಡ್ತೈತಿ, ತಗಿ." ಪರದೆಯ ಮೇಲಿನ ಒಂದು ಸಾಲನ್ನೂ ಓದದೆ ಮುಂದೆ ನಡೆದರು.

ಪಕ್ಕದಲ್ಲಿ ಅದೇ ಹುದ್ದೆಗೆ ಬಂದಿದ್ದ ಹರಪನಹಳ್ಳಿಯ ಪ್ರವೀಣಕುಮಾರ್. ಕಪ್ಪು ಪರದೆ, ಬಣ್ಣಬಣ್ಣದ ಅಕ್ಷರ; ಅರ್ಧ ಸಾಲು ಬರೆದರೆ ಉಳಿದರ್ಧವನ್ನು ಎಡಿಟರ್ ಎಂಬ ಆ ಸಾಫ್ಟ್‌ವೇರೇ ಮುಂದಿಡುತ್ತಿತ್ತು. "ಇದ್ರಲ್ಲಿ ಮೌಸೇ ಬ್ಯಾಡ ಸರ್," ಎಂದ. ಪಂಚಾಕ್ಷರಪ್ಪನವರ ಕಣ್ಣರಳಿತು. "ಕೈ ಅಂದ್ರ ಇದು!"

ಮುಸ್ಕಾನ್ ಅತ್ತ ನೋಡಿ ಎಣಿಸಿದಳು. ಒಂಬತ್ತೇ ಹೆಸರು. ಒಂದೇ ಅಂಕ ಪಡೆದಿದ್ದ ಇಬ್ಬರಲ್ಲಿ ಒಬ್ಬಳು ಮಾಯವಾಗಿದ್ದಳು.

"ಸರ್, ಅವ್ರ ಪಟ್ಟಿಯಾಗ ಒಂದು ಹೆಸ್ರು ಬಿದ್ದೋಗೈತ್ರಿ."

"ಹೊಟ್ಟಿಕಿಚ್ಚು ಬ್ಯಾಡಮ್ಮ. ಸಣ್ಣದು, ಸರಿ ಮಾಡ್ಕಂತಾರ."

ಹೊರಗೆ ಮಗು ಕೆಮ್ಮಿತು. ಅವಳು ತನ್ನ ಪರದೆಯತ್ತ ತಿರುಗಿದಳು.

ಹುದ್ದೆ ಪ್ರವೀಣಕುಮಾರನಿಗೆ ಹೋಯಿತು.

ಮುಂದಿನ ಜೂನ್‌ನಲ್ಲಿ ಕೊಟ್ಟೂರಿನ ಕಾಲೇಜಿನವರು ಮತ್ತೆ ಕರೆದರು, ಒಂದು ವರ್ಷಕ್ಕೆ. ಅಷ್ಟರಲ್ಲಿ ಮುಸ್ಕಾನ್ ಆ ಕಪ್ಪು ಪರದೆಯ ಎಡಿಟರನ್ನು ಕಲಿತಿದ್ದಳು. ಅದರಲ್ಲಿ ಬರೆದದ್ದು ಮೊದಲಿಗಿಂತ ಚೆನ್ನಾಗೇನೂ ಇರಲಿಲ್ಲ. ರಫ್ ಬುಕ್ ಮಾತ್ರ ಈಗ ಬ್ಯಾಗಿನಿಂದ ಹೊರಗೆ ಬರುತ್ತಿರಲಿಲ್ಲ.

ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ ಯಶೋಧಾ ಎಂಬ ಹುಡುಗಿ ಹಾಳೆಯ ಮೇಲೆ ಬರೆದುಕೊಂಡು, ಸಾಲಿಗೆ ಬೆರಳಿಟ್ಟು, ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡುತ್ತಿದ್ದಳು. ಮುಸ್ಕಾನ್ ಹಿಂದೆ ನಿಂತು ಪೂರ್ತಿ ಓದಿದಳು. ಒಂದು ತಪ್ಪೂ ಇರಲಿಲ್ಲ. ಕಾರಿಡಾರಿನಲ್ಲಿ ಹೊರಗಿನ ಪರೀಕ್ಷಕರ ಬೂಟಿನ ಸದ್ದು ಹತ್ತಿರವಾಯಿತು.

"ಅದನ್ನ ಮುಚ್ಚು, ಯಶೋಧಾ. ಆ ಕರೇ ಪರದೀದು ತಗಿ."

"ಯಾಕ್ರಿ ಮೇಡಂ? ಪ್ರೋಗ್ರಾಂ ಸರಿ ಐತಲ್ರಿ?"

"ಸರಿ ಐತಿ," ಎಂದಳು ಮುಸ್ಕಾನ್. "ಲಗೂನ ಮುಚ್ಚು."